ಭಾನುವಾರದ ಬಾಡು ಯಾರ ತಟ್ಟೆಗೆ ಎಷ್ಟು?

ಇದು ಸಲಹೆ ಕೇಳಿ ನನ್ನ ಬಳಿ ಬಂದ ಒಂದು ಮನೆಯ ಪ್ರಕರಣ. ಇದರಲ್ಲಿ ಬರುವ ಕೆಲಸ, ಏರಿಯಾ, ಮಕ್ಕಳ ವಯಸ್ಸು ಎಲ್ಲವನ್ನೂ ಬದಲಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ.

ಆಕೆಗೆ ಮೂವತ್ತಾರು ವರ್ಷ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ಗಂಡ ಸಣ್ಣ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ಇಬ್ಬರೂ ಮಂಡ್ಯ ಕಡೆಯವರು. ಮನೆಯಲ್ಲಿ ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ಆರನೇ ಕ್ಲಾಸಿನ ಮಗ. 2025ರ ಬೇಸಿಗೆಯಲ್ಲಿ ಆಕೆ ಒಬ್ಬರೇ ಬಂದು ಕೂತರು. "ಮಟನ್ ವಿಷಯಕ್ಕೆ ಜಗಳ ಮೇಡಂ. ಹೇಳ್ಕೊಳೋಕೇ ನಾಚಿಕೆ ಆಗುತ್ತೆ" ಅಂದರು.

ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಮೊದಲು ಹೇಳಿದೆ. ಸಲಹೆಗೆ ಬರುವ ಎಷ್ಟೋ ಮನೆಗಳಲ್ಲಿ ದುಡ್ಡಿನ ಕಷ್ಟ ಅಡುಗೆಮನೆಯಲ್ಲೇ ಮೊದಲು ಗೊತ್ತಾಗುತ್ತದೆ. ಮನೆ ಬಾಡಿಗೆ ಕಡಿಮೆ ಕೊಡೋಕಾಗಲ್ಲ, ಸಾಲದ ಕಂತು ನಿಲ್ಲಿಸೋಕಾಗಲ್ಲ. ಕೈಗೆ ಸಿಗುವುದು ಊಟದ ಖರ್ಚೊಂದೇ. ಅದರಲ್ಲೂ ಎದ್ದು ಕಾಣುವುದು ಮಾಂಸದ ಖರ್ಚು.

ಆ ಮನೆಯಲ್ಲಿ ಭಾನುವಾರ ಒಂದು ಕೆ.ಜಿ. ಮಟನ್ ಬರಲೇಬೇಕು. ಮದುವೆಯಾದಾಗಿನಿಂದ ಹಾಗೇ ನಡೆದು ಬಂದಿದೆ. ಅವರ ಏರಿಯಾದಲ್ಲಿ ಆಗ ಕೆ.ಜಿ.ಗೆ 800 ರೂಪಾಯಿ. ನಾಲ್ಕು ಭಾನುವಾರಕ್ಕೆ 3,200. ಆ ವರ್ಷ ಶುರುವಾದಾಗಿನಿಂದ ಒಂದರ ಹಿಂದೆ ಒಂದು ಬೆಲೆ ಏರಿತ್ತು. ಜನವರಿಯಲ್ಲಿ ಬಸ್ ಚಾರ್ಜು ಶೇ 15 ಜಾಸ್ತಿಯಾಯಿತು. ಆಕೆಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಗಂಡ ಮಾತ್ರ ದುಡ್ಡು ಕೊಡಬೇಕು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಅದೇ ತಿಂಗಳು ಗ್ಯಾಸ್ ಸಿಲಿಂಡರ್ 50 ರೂಪಾಯಿ. ಮನೆ ಓನರ್ ಬಾಡಿಗೆ ಏರಿಸಿದರು. ಗಂಡನ ಕಾರ್ಖಾನೆಯಲ್ಲಿ ಓ.ಟಿ., ಅಂದರೆ ಹೆಚ್ಚುವರಿ ಗಂಟೆಯ ಕೆಲಸ, ನಿಂತಿತು. ಅತ್ತೆಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಹಾಗೇ ಸಂಘದ ಸಾಲದ ಕಂತಿಗೆ ಹೋಗುತ್ತಿತ್ತು.

ಆಕೆ ಯಾರಿಗೂ ಹೇಳದೆ ತಾವೇ ಸರಿದೂಗಿಸಲು ನೋಡಿದರು. ಒಂದು ಕೆ.ಜಿ. ಮುಕ್ಕಾಲು ಕೆ.ಜಿ. ಆಯಿತು, ಆಮೇಲೆ ಅರ್ಧ. ಸಾರಿಗೆ ಆಲೂಗಡ್ಡೆ ಸೇರಿತು. ಕೊನೆಗೆ ಮಟನ್ ಹೋಗಿ ಫಾರಂ ಕೋಳಿ ಬಂತು. ಅದೇ ಭಾನುವಾರ ಹೇಳದೆ ಕೇಳದೆ ಗಂಡನ ಅಕ್ಕ, ಭಾವ, ಅವರ ಮಕ್ಕಳು ಬಂದುಬಿಟ್ಟರು. ಒಂಬತ್ತು ಜನಕ್ಕೆ ಮುಕ್ಕಾಲು ಕೆ.ಜಿ. ಕೋಳಿ. ಅವರು ಹೋದ ಮೇಲೆ ಗಂಡ, "ನಮ್ಮಕ್ಕನ ಮುಂದೆ ನನ್ನ ಮರ್ಯಾದೆ ತೆಗೆದಲ್ಲ" ಎಂದು ತಟ್ಟೆ ತಳ್ಳಿ ಎದ್ದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಟನ್ ಬಗ್ಗೆ ಮಾತಾಡುವ ಮೊದಲು ನಾನು ಬೇರೆ ಒಂದು ಪ್ರಶ್ನೆ ಕೇಳಿದೆ. ತಟ್ಟೆ ತಳ್ಳಿದ ಕೈ ಯಾವತ್ತಾದರೂ ನಿಮ್ಮ ಮೇಲೆ ಬಿದ್ದಿದೆಯಾ? ಮಕ್ಕಳ ಮೇಲೆ? ಇದನ್ನು ಒಬ್ಬರೇ ಇರುವಾಗ ಕೇಳಲೇಬೇಕು. ಹೊಡೆತ ಇರುವ ಮನೆಗೆ ಖರ್ಚಿನ ಲೆಕ್ಕದ ಸಲಹೆ ಕೊಟ್ಟು ಕಳಿಸುವುದು ಅಪಾಯ. ಅಲ್ಲಿ ಮೊದಲು ರಕ್ಷಣೆಯ ಮಾತು. ಮಹಿಳಾ ಸಹಾಯವಾಣಿ 181ರ ನಂಬರನ್ನು ಆಕೆಗೂ ಬರೆದುಕೊಟ್ಟೆ. ಹೊಡೆತ ಇಲ್ಲ, ಭಯವೂ ಇಲ್ಲ ಎಂದರು. ಎರಡು ಮೂರು ರೀತಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ.

ಆಮೇಲೆ ಒಂದು ಭಾನುವಾರದ ಊಟವನ್ನು ಮೊದಲಿಂದ ಕೊನೆವರೆಗೆ ಹೇಳಿಸಿದೆ. ಯಾರು ಎಲ್ಲಿ ಕೂರುತ್ತಾರೆ, ಯಾರು ಬಡಿಸುತ್ತಾರೆ, ಯಾವ ತುಂಡು ಯಾರಿಗೆ. ಮೊದಲು ಗಂಡ ಮತ್ತು ಮಗ. ಮಗನಿಗೆ ನಲ್ಲಿ ಮೂಳೆ. ಅತ್ತೆಗೆ ಮೆತ್ತನೆಯ ನಾಲ್ಕು ತುಂಡು, ಹಲ್ಲಿಲ್ಲ. ಆಮೇಲೆ ಮಗಳಿಗೆ ಎರಡು. "ನಿಮಗೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರು ಇರ್ತಿತ್ತಲ್ಲ ಮೇಡಂ, ಮುದ್ದೆಗೆ ಸಾಕು" ಅಂದರು.

ಆಕೆಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನದ ಮೇಲೆ ಮೆಷಿನ್ ಮುಂದೆ ಕಣ್ಣು ಕತ್ತಲೆ. ಊಟ ಆದ ತಕ್ಷಣ ಒಂದು ಲೋಟ ಟೀ ಕುಡಿದರೆ ಮಾತ್ರ ಕೆಲಸ ಸಾಗುತ್ತದೆ ಎಂದರು. ನಾನು ಡಾಕ್ಟರಲ್ಲ. ಮನೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಮುಂದಿನ ಮಾತು ಆಮೇಲೆ ಎಂದೆ. ಹಿಮೋಗ್ಲೋಬಿನ್ 8.9 ಬಂತು. ಹೆಂಗಸರಿಗೆ ಕನಿಷ್ಠ 12 ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಆ ಅರ್ಧದಲ್ಲಿ ಈಕೆಯೂ ಒಬ್ಬರು.

ಇಲ್ಲಿ ನನಗೆ ಪ್ರಕರಣ ಸ್ಪಷ್ಟವಾಯಿತು. ಬೆಲೆ ಏರಿದ್ದು ಐದು ಜನರ ಮನೆಗೆ. ಅದನ್ನು ಹೊತ್ತದ್ದು ಒಬ್ಬರ ತಟ್ಟೆ. ಆಕೆ ಹೇಳಲಿಲ್ಲ, ಆದ್ದರಿಂದ ಯಾರಿಗೂ ಕಾಣಲಿಲ್ಲ.

ಗಂಡ ಬರುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಬಂದರು. ಸಿಟ್ಟಿನಲ್ಲೇ ಬಂದರು. "ಒಂದು ವಾರಕ್ಕೆ ಒಂದಿನ ಬಾಯಿಗೆ ರುಚಿಯಾಗಿ ತಿನ್ನೋದೂ ತಪ್ಪಾ?" ಎಂದು ಕೇಳಿದರು. ತಪ್ಪಲ್ಲ ಎಂದೆ. ಇದನ್ನು ಬಾಯಿಮಾತಿಗೆ ಹೇಳಲಿಲ್ಲ. ಮಾಂಸ ತಿನ್ನುವ ಮನೆಯವರಿಗೆ, ದುಡ್ಡಿಲ್ಲದಿದ್ದರೆ ಬಿಟ್ಟುಬಿಡಿ ಎಂದು ಸಲೀಸಾಗಿ ಹೇಳುವವರನ್ನು ನೋಡಿದ್ದೇನೆ. ಅದು ಸಲಹೆಯೇ ಅಲ್ಲ. ಊಟ ಅಂದರೆ ಊರು, ನೆಂಟರು, ಹಬ್ಬ, ಹಿರಿಯರ ಎಡೆ ಎಲ್ಲವೂ.

ನಿಮ್ಮ ಊರಲ್ಲಿ ಭಾನುವಾರ ಹೇಗಿತ್ತು ಎಂದು ಕೇಳಿದೆ. ಅವರ ಧ್ವನಿಯೇ ಬದಲಾಯಿತು. ಊರಲ್ಲಿ ಎಂಟು ಹತ್ತು ಮನೆಯವರು ದುಡ್ಡು ಹಾಕಿ ಒಂದು ಮರಿ ತಂದು ಕುಯ್ದು ಗುಡ್ಡೆ ಹಾಕುತ್ತಿದ್ದರು. ತಲೆ, ಕಾಲು, ಬೋಟಿ, ಈಲಿ (ಲಿವರ್) ಎಲ್ಲ ಗುಡ್ಡೆಗೂ ಸಮನಾಗಿ ಬರಬೇಕು. ಅಪ್ಪ ಮುತ್ತುಗದ ಎಲೆಯಲ್ಲಿ ಗುಡ್ಡೆ ಮಾಂಸ ಕಟ್ಟಿಸಿಕೊಂಡು ಬರುತ್ತಿದ್ದರು. ದುಡ್ಡಿಲ್ಲದ ಒಂದು ವರ್ಷ, ಯುಗಾದಿ ಮರುದಿನ ವರ್ಷತೊಡಕಿಗೂ ಅಪ್ಪ ಗುಡ್ಡೆ ತರಲಿಲ್ಲ. ಪಕ್ಕದ ಮನೆಯವರು ಒಂದು ಬಟ್ಟಲು ಸಾರು ಕೊಟ್ಟರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಓ.ಟಿ. ನಿಂತ ಮೇಲೆ ಸಾರಿನಲ್ಲಿ ಆಲೂಗಡ್ಡೆ ಕಂಡಾಗೆಲ್ಲ, "ನಿನ್ನ ಕೈಲಿ ಆಗ್ತಿಲ್ಲ ಅಂತ ಇವಳು ಹೇಳ್ತಿದಾಳೆ ಅನ್ಸೋದು" ಎಂದರು. ಆಕೆ ಹಾಗೆ ಅಂದುಕೊಂಡೇ ಇರಲಿಲ್ಲ. ಗಂಡನಿಗೆ ಬೇಜಾರಾಗಬಾರದು ಎಂದೇ ಮುಚ್ಚಿಟ್ಟಿದ್ದರು.

ಮೂರನೇ ಸಲ ಅತ್ತೆಯನ್ನೂ ಕರೆಸಿದೆ. ರಕ್ತದ ರಿಪೋರ್ಟನ್ನು ಆಕೆಯೇ ಗಂಡನ ಕೈಗೆ ಕೊಟ್ಟರು. ಅವರು ಓದುತ್ತಿರುವಾಗ ಅತ್ತೆ ಹೇಳಿದ ಮಾತು ಇದು: "ನಾನು ನೋಡಿವ್ನಿ ಕಣಮ್ಮ. ಎಲ್ಲಾ ಉಂಡಾದ್ ಮೇಲೆ ಮಗ ಬಿಟ್ಟ ಮೂಳೆ ಚೀಪ್ತಿದ್ಲು. ಕೇಳಿದ್ರೆ ನಂಗೆ ಸೇರಲ್ಲ ಅನ್ನೋಳು." ಗಂಡ ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡರು. ಮಾತಾಡಲಿಲ್ಲ. ನಾನೂ ಅವಸರ ಮಾಡಲಿಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆವು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಇಬ್ಬರ ಸಂಬಳ, ಬಾಡಿಗೆ, ಕಂತು, ಹಾಲು, ಗ್ಯಾಸ್, ಮಾಂಸ ಎಲ್ಲವನ್ನೂ ಗಂಡನ ಕೈಯಲ್ಲೇ ಬರೆಸಿದೆ. ಅಲ್ಲಿವರೆಗೆ ಅವರು ಸಂಬಳ ತಂದು ಕೊಡುತ್ತಿದ್ದರು, ಅದು ಎಲ್ಲಿ ಹೋಗುತ್ತದೆ ಎಂದು ನೋಡಿರಲಿಲ್ಲ. ಮನೆ ಖರ್ಚಿನ ಸಲಹೆಯಲ್ಲಿ ನಾನು ತುಂಬಾ ನೆಚ್ಚಿಕೊಂಡಿರುವುದು ಇದೊಂದನ್ನೇ. ಬರೆಯುವ ಕೈ ಹೆಂಡತಿಯದ್ದಾದರೆ ಗಂಡನಿಗೆ ಅದು ದೂರಿನ ಹಾಗೆ ಕೇಳಿಸುತ್ತದೆ. ತಾನೇ ಬರೆದರೆ ಅಂಕಿ ತಾನಾಗಿ ಮಾತಾಡುತ್ತದೆ.

ಮಾಂಸದ ವಿಷಯದಲ್ಲಿ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಬಡಿಸುವ ಬಗ್ಗೆ. ಐದೂ ಜನ ಒಟ್ಟಿಗೆ ಕೂರುವುದು. ಗ್ಯಾಸ್ ಆರಿಸಿದ ಮೇಲೆ, ಯಾರೂ ಕೂರುವ ಮೊದಲೇ, ಐದು ತಟ್ಟೆಗೂ ತುಂಡು ಹಾಕಿಬಿಡುವುದು. ಗುಡ್ಡೆಯಲ್ಲಿ ಈಲಿ ಎಲ್ಲರಿಗೂ ಸಮನಾಗಿ ಬರಬೇಕು ಅಂತ ನೀವೇ ಹೇಳಿದ್ರಿ ಅಲ್ವಾ, ಮನೆಯಲ್ಲೂ ಹಾಗೇ ಎಂದೆ. ಮಗಳಿಗೂ ಇದೇ ಮಾತು. ಮುಟ್ಟು ಶುರುವಾಗಿ, ಎತ್ತರ ಬೆಳೆಯುತ್ತಿರುವ ಹುಡುಗಿಗೆ ತಮ್ಮನಿಗಿಂತ ಕಡಿಮೆ ಯಾಕೆ? ಈ ಪ್ರಶ್ನೆಯನ್ನು ನಾನು ಕೇಳಿದ್ದು ತಾಯಿಗೆ. ಆ ಕ್ರಮದಲ್ಲಿ ಬಡಿಸುತ್ತಿದ್ದದ್ದು ಆಕೆಯೇ.

ಎರಡನೆಯದು, ತಿಂಗಳಿಗೆ ಒಂದು ಭಾನುವಾರ ಒಂದು ಕೆ.ಜಿ. ಮಟನ್. ಯಾವ ಭಾನುವಾರ ಎಂದು ಗಂಡ ಹೇಳಲಿ, ಅವರೇ ಹೋಗಿ ತರಲಿ, ಅಕ್ಕನ ಮನೆಯವರನ್ನು ಕರೆಯುವುದಿದ್ದರೆ ಅದೇ ದಿನ ಕರೆಯಲಿ. ಉಳಿದ ಭಾನುವಾರಗಳಲ್ಲಿ ಎರಡು ಸಲ ಕೋಳಿ, ಒಂದು ಸಲ ಮೀನು ಅಥವಾ ಕಾಲು ಕೆ.ಜಿ. ಕೈಮ. ಕಾಲು ಕೆ.ಜಿ. ಕೈಮಕ್ಕೆ ಹುರಿಗಡಲೆ ಪುಡಿ, ಕಾಯಿ, ಈರುಳ್ಳಿ ಸೇರಿಸಿ ಉಂಡೆ ಕಟ್ಟಿದರೆ ಐದು ಜನಕ್ಕೆ ಧಾರಾಳವಾಗಿ ಆಗುತ್ತದೆ. ಅದನ್ನು ಯಾರೂ ಬಡವರ ಅಡುಗೆ ಅನ್ನುವುದಿಲ್ಲ, ಹಬ್ಬಕ್ಕೂ ಮಾಡುತ್ತಾರೆ. ಮೀನಿನಲ್ಲಿ ಕೆರೆಯ ಕಾಟ್ಲಾ, ಜಿಲೇಬಿ ಮೀನು, ಸಿಕ್ಕಾಗ ಬೂತಾಯಿ. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಸಮುದ್ರದ ಮೀನು ದುಬಾರಿ. ಆ ಎರಡು ತಿಂಗಳು ಕೆರೆ ಮೀನೇ ಸರಿ.

ವಾರದ ದಿನಗಳಿಗೆ ಮೊಟ್ಟೆ. ಮಕ್ಕಳಿಬ್ಬರೂ ಸರ್ಕಾರಿ ಶಾಲೆ. ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತದೆ, ಅಲ್ಲಿ ತಪ್ಪದೆ ತಿನ್ನಲಿ. ಮನೆಯಲ್ಲಿ ಮುಖ್ಯವಾಗಿ ದೊಡ್ಡವರಿಗೆ. ಸೋಮವಾರ, ಶನಿವಾರ ಆ ಮನೆಯಲ್ಲಿ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಯಾವ ದಿನ ಎಂದು ಅತ್ತೆಯೇ ಹೇಳಿದರು. ತಿಂಗಳಿಗೆ ಎರಡು ಟ್ರೇ, ಆಗಿನ ಬೆಲೆಯಲ್ಲಿ 400 ರೂಪಾಯಿ ಒಳಗೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಬಿ12 ವಿಟಮಿನ್ ಇದೆ. ಮಟನ್, ಕೋಳಿ, ಮೀನು, ಮೊಟ್ಟೆ ಎಲ್ಲ ಸೇರಿ 2,000 ರೂಪಾಯಿ ಆಸುಪಾಸು ಬಂತು. ಮೊದಲು ಭಾನುವಾರಕ್ಕೆ ಮಾತ್ರ 3,200 ಹೋಗುತ್ತಿತ್ತು.

ಉಳಿದ ದಿನಗಳ ಪ್ರೋಟೀನ್ ಹೆಚ್ಚಾಗಿ ಕಾಳಿನಿಂದಲೇ ಬರಬೇಕು. 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ ಪ್ರೋಟೀನ್. ಹುರುಳಿ ಬಸ್ಸಾರು, ಮೊಳಕೆ ಕಾಳು ಸಾರು, ಸೊಪ್ಪಿನ ಉಪ್ಸಾರು ಮಾಡುವುದು ಮಂಡ್ಯದವರಿಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಬೆಂಗಳೂರಿಗೆ ಬಂದ ಮೇಲೆ ಬೆಳಿಗ್ಗೆ ಅವಸರಕ್ಕೆ ಚಿತ್ರಾನ್ನ, ರಾತ್ರಿ ಅನ್ನ ತಿಳಿಸಾರು ಎಂದು ಆ ಮನೆಯ ಊಟ ತೆಳ್ಳಗಾಗಿತ್ತು. ಭಾನುವಾರ ರಾತ್ರಿ ಕಾಳು ನೆನೆಹಾಕಿ ಮೊಳಕೆ ಕಟ್ಟುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಕಾಳು, ಸೊಪ್ಪಿನ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದೆ. ಊಟದ ಬೆನ್ನಿಗೇ ಟೀ ಕುಡಿದರೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡಿ. ಆಕೆಗೆ ಕಷ್ಟವಾಗಿದ್ದು ಇದೊಂದೇ ಮಾತು. ಇದ್ಯಾವುದೂ ಕಬ್ಬಿಣದ ಮಾತ್ರೆಗೆ ಬದಲಲ್ಲ. 8.9 ಅನ್ನು ಬರೀ ಊಟದಿಂದ ಮೇಲೆತ್ತಲು ಕೂರಬಾರದು. ಕ್ಲಿನಿಕ್‌ನಲ್ಲಿ ಕೊಟ್ಟ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನ ನುಂಗಬೇಕು.

ಹಬ್ಬದ ಖರ್ಚು ಬೇರೆ. ಪಿತೃಪಕ್ಷಕ್ಕೆ ಅವರ ಮನೆಯಲ್ಲಿ ಹಿರಿಯರಿಗೆ ಮಟನ್ ಎಡೆ ಇಡಬೇಕು, ನೆಂಟರು ಬರುತ್ತಾರೆ. ಹಿಂದಿನ ವರ್ಷ ಅದಕ್ಕೆ ಸಾಲ ಮಾಡಿದ್ದರು. ಶ್ರಾವಣದಲ್ಲಿ ತಿಂಗಳಿಡೀ ಮಾಂಸ ತಿನ್ನುವುದಿಲ್ಲವಲ್ಲ, ಆ ತಿಂಗಳ ಮಾಂಸದ ದುಡ್ಡನ್ನು ಪ್ರತಿ ಭಾನುವಾರ ತೆಗೆದು ಅತ್ತೆಯ ಕೈಗೆ ಕೊಡಿ ಎಂದೆ. ಹಿರಿಯರ ಕಾರ್ಯದ ದುಡ್ಡು ಎಂದು ಹೆಸರು ಬಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ.

ಗಂಡನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಸಂಬಳ ಕಡಿಮೆಯಾದರೆ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ತಟ್ಟೆ ತಳ್ಳಿದ್ದು ಸಣ್ಣದು ಅಂದುಕೊಳ್ಳಬೇಡಿ, ಮಕ್ಕಳು ನೋಡಿದ್ದಾರೆ, ಅವರೆದುರೇ ಅದು ತಪ್ಪಾಯ್ತು ಎಂದು ಹೇಳಿ. ಅದನ್ನು ಅವರು ಮಾಡಿದರು ಎಂದು ಆಮೇಲೆ ಮಗಳಿಂದ ಗೊತ್ತಾಯಿತು.

ಎಲ್ಲವೂ ಅಂದುಕೊಂಡ ಹಾಗೆ ನಡೆಯಲಿಲ್ಲ. ಮಗ ಕೋಳಿಯ ಭಾನುವಾರಗಳಲ್ಲಿ ಮುಖ ಊದಿಸುತ್ತಿದ್ದ. ಬಾಣಂತಿ ನೋಡಲು ಊರಿಗೆ ಹೋದಾಗ, ಮನೆಯಲ್ಲಿ ನೆಗಡಿ ಜ್ವರ ಬಂದಾಗ ಲೆಕ್ಕ ತಪ್ಪಿತು. ಆಕೆ ಎರಡು ಸಲ ಹಳೇ ಅಭ್ಯಾಸದಂತೆ ತಮ್ಮ ತುಂಡನ್ನು ಮಗನ ತಟ್ಟೆಗೆ ಹಾಕಿದರಂತೆ. ಅತ್ತೆ ಅದನ್ನು ವಾಪಸ್ ಹಾಕಿಸಿದರು.

ಪಿತೃಪಕ್ಷ ಮುಗಿದ ಮೇಲೆ ಮತ್ತೆ ಬಂದರು. ಈ ಸಲ ಎಡೆಗೆ ಸಾಲ ಮಾಡಿರಲಿಲ್ಲ. ಹಿಮೋಗ್ಲೋಬಿನ್ 10.6 ಆಗಿತ್ತು, ಮಾತ್ರೆ ಮುಂದುವರಿದಿದೆ. ಮಗಳಿಗೂ ಪರೀಕ್ಷೆ ಮಾಡಿಸಿ ಎಂದು ಹೇಳಿದ್ದೇನೆ. ಸಂಘದ ಸಾಲ ಇನ್ನೂ ಹಾಗೇ ಇದೆ. ಮುಂದಿನ ಸಲ ಬರುವಾಗ ಕಂತಿನ ಪುಸ್ತಕ ತನ್ನಿ ಎಂದಿದ್ದೇನೆ. ತರುವುದು ನನ್ನ ಜವಾಬ್ದಾರಿ ಎಂದು ಗಂಡ ಒಪ್ಪಿದ್ದಾರೆ.