ಫ್ಯಾನ್ ತಿರುಗುತ್ತಿದೆ, ಆದರೂ ಮುಳ್ಳು ಕೆಂಪಿಗೆ ಹೋಗುತ್ತಿದೆ

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯ ಡೀಸೆಲ್ ಪಿಕಪ್. ಹೈವೇಯಲ್ಲಿ ಎಷ್ಟು ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಅಲುಗುವುದಿಲ್ಲ. ಆದರೆ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ, ಇಲ್ಲವೇ ಲೋಡ್ ಹಾಕಿಕೊಂಡು ಏರು ಹತ್ತಿದರೆ, ಕೆಂಪು ಗೆರೆ ಹತ್ತಿರ ಬಂದುಬಿಡುತ್ತದೆ. ಆಗ ಎಸಿಯಿಂದಲೂ ಬೆಚ್ಚನೆ ಗಾಳಿ. ಥರ್ಮೋಸ್ಟಾಟ್ ಬದಲಾಯಿಸಿದೆ, ರೇಡಿಯೇಟರ್ ಕ್ಲೀನ್ ಮಾಡಿಸಿದೆ, ಕೂಲೆಂಟ್ ಹೊಸದು. ಈಗ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಇಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ ಗ್ಯಾರೇಜಿನವರು. ಫ್ಯಾನ್ ಅಂತೂ ಚೆನ್ನಾಗಿ ತಿರುಗುತ್ತಿದೆ. ಬಿಚ್ಚಿಸಲೇ?

ಉತ್ತರ: ಬೇಡ, ತಡೆಯಿರಿ. ನಿಮ್ಮ ಪತ್ರದ ಕೊನೆಯಲ್ಲಿ ‘ಫ್ಯಾನ್ ಚೆನ್ನಾಗಿ ತಿರುಗುತ್ತಿದೆ’ ಎಂದಿದ್ದೀರಲ್ಲ, ನನಗೆ ಅನುಮಾನ ಇರುವುದು ಅಲ್ಲೇ. ತಿರುಗುವುದು ಬೇರೆ, ಗಾಳಿ ಎಳೆಯುವುದು ಬೇರೆ. ಫ್ಯಾನನ್ನು ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ಸೋತಿರಬಹುದು.

ಹೈವೇಯಲ್ಲಿ ಗಾಡಿ ಓಡುವಾಗ ಮುಂದಿನಿಂದ ನುಗ್ಗುವ ಗಾಳಿಯೇ ರೇಡಿಯೇಟರ್ ತಣ್ಣಗಾಗಿಸುತ್ತದೆ. ಅಲ್ಲಿ ಫ್ಯಾನ್‌ಗೆ ಹೆಚ್ಚು ಕೆಲಸವಿಲ್ಲ. ನಿಂತಾಗ, ನಿಧಾನ ಹೋಗುವಾಗ, ಏರು ಹತ್ತುವಾಗ ಗಾಳಿಯ ಪೂರ್ತಿ ಹೊಣೆ ಫ್ಯಾನ್ ಮೇಲೆ ಬೀಳುತ್ತದೆ. ನಿಮ್ಮ ಗಾಡಿ ಬಿಸಿಯಾಗುವುದು ಸರಿಯಾಗಿ ಆಗಲೇ. ಎಸಿ ಸೋಲುವುದೂ ಅದಕ್ಕೇ: ರೇಡಿಯೇಟರ್ ಮುಂದಿರುವ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್‌ಗೂ ಅದೇ ಗಾಳಿ ಬೇಕು. ಕೂಲೆಂಟ್ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೆ ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಹೈವೇಯಲ್ಲೂ ನಿಮಗೆ ಕಾಟ ಕೊಡುತ್ತಿತ್ತು, ಅಲ್ವಾ? ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಹೋಗಿದ್ದರೆ ಸಾಮಾನ್ಯವಾಗಿ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಬರುತ್ತದೆ, ಇಲ್ಲವೇ ಸೈಲೆನ್ಸರ್‌ನಿಂದ ಬಿಳಿ ಹೊಗೆ. ಅಂಥದ್ದೇನೂ ನೀವು ಬರೆದಿಲ್ಲ.

ಫ್ಯಾನ್ ನೇರವಾಗಿ, ಕೂಲೆಂಟ್ ಹರಿಸುವ ವಾಟರ್ ಪಂಪ್‌ನ ಪುಲ್ಲಿಗೆ ಕೂತಿರುವುದಿಲ್ಲ. ನಡುವೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಡಬ್ಬಿ ಇದೆ, ಮೈತುಂಬ ರೆಕ್ಕೆ. ಅದೇ ಫ್ಯಾನ್ ಕ್ಲಚ್. ಒಳಗೆ ಜೇನಿನಂತೆ ಮಂದವಾದ ಸಿಲಿಕೋನ್ ಎಣ್ಣೆ. ಡಬ್ಬಿಯ ಮೂತಿಯಲ್ಲಿ, ರೇಡಿಯೇಟರ್ ಕಡೆ ಮುಖ ಮಾಡಿ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಪಟ್ಟಿಯಿದೆ. ಎರಡು ಲೋಹ ಅಂಟಿಸಿ ಮಾಡಿದ್ದು. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಅದು ತಿರುಚಿಕೊಂಡು ಒಳಗಿನ ಕಿಂಡಿ ತೆರೆಯುತ್ತದೆ. ಎಣ್ಣೆ ಎದುರು ಬದುರಾಗಿರುವ ತೋಡುಗಳ ಸಂದಿಗೆ ಹರಿದು ಎರಡೂ ಕಡೆ ಹಿಡಿದುಕೊಳ್ಳುತ್ತದೆ. ಫ್ಯಾನ್ ಭರ್ರೆಂದು ಎಳೆಯತೊಡಗುತ್ತದೆ. ತಣ್ಣಗಾದರೆ ಕಿಂಡಿ ಮುಚ್ಚಿ, ಎಣ್ಣೆ ವಾಪಸ್ ಹೋಗಿ, ಫ್ಯಾನ್ ಸುಮ್ನೆ ಜಾರುತ್ತಾ ತಿರುಗುತ್ತದೆ. ಎಣ್ಣೆ ಸೋರಿಹೋದರೆ ಅಥವಾ ಆ ಸುರುಳಿ ಕೈಕೊಟ್ಟರೆ ಫ್ಯಾನ್ ಯಾವಾಗಲೂ ಜಾರುತ್ತಲೇ ಇರುತ್ತದೆ. ನೋಡುವವರ ಕಣ್ಣಿಗೆ ತಿರುಗುತ್ತಿದೆ, ಅಷ್ಟೇ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಮೊದಲ ಪಿಕಪ್‌ಗೆ ಎರಡು ಸಲ ಥರ್ಮೋಸ್ಟಾಟ್ ಹಾಕಿದೆ, ಒಂದು ರೇಡಿಯೇಟರೂ ಹಾಕಿದೆ. ಕೊನೆಗೊಂದು ದಿನ ಬಾನೆಟ್ ಎತ್ತಿ, ಬೇರೇನೋ ಯೋಚಿಸುತ್ತಾ, ಬ್ಲೇಡನ್ನು ಒಂದು ಬೆರಳಲ್ಲಿ ತಳ್ಳಿದೆ. ಮಗುಚಿ ನಿಲ್ಲಿಸಿದ ಸೈಕಲ್ ಚಕ್ರದ ಹಾಗೆ ತಿರುಗುತ್ತಾ ಹೋಯಿತು. ಆ ಒಂದು ಬೆರಳಿನ ಪರೀಕ್ಷೆ ಮೊದಲೇ ಮಾಡಿದ್ದರೆ ಒಂದು ರೇಡಿಯೇಟರ್ ಉಳಿಯುತ್ತಿತ್ತು.

ನೀವೂ ಅದರಿಂದಲೇ ಶುರುಮಾಡಿ. ಇಂಜಿನ್ ಆಫ್, ಕೀ ಜೇಬಿನಲ್ಲಿ. ಬ್ಲೇಡ್ ಹಿಡಿದು ತಿರುಗಿಸಿ. ಕೈಗೆ ಒಂದೇ ಸಮನಾದ ಬಿಗಿ ಸಿಗಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ಮೂರು ನಾಲ್ಕು ಸುತ್ತು ತಾನಾಗೇ ಹೋದರೆ ಕ್ಲಚ್ ಸತ್ತಿದೆ. ಆಮೇಲೆ ಬ್ಲೇಡಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ತುಸು ಆಟ ಇರುತ್ತದೆ. ತುದಿಯಲ್ಲಿ 6 ಮಿಲಿಮೀಟರ್‌ಗಿಂತ ಜಾಸ್ತಿ ಆಡಿದರೆ ಬೇರಿಂಗ್ ಸವೆದಿದೆ. ಆಟ ಬರುತ್ತಿರುವುದು ಕ್ಲಚ್‌ನಿಂದಲೋ ಅದರ ಹಿಂದಿನ ವಾಟರ್ ಪಂಪ್‌ನಿಂದಲೋ ಎಂದು ಪುಲ್ಲಿ ಹಿಡಿದು ನೋಡಿಕೊಳ್ಳಿ.

ಇನ್ನು ಟಾರ್ಚ್ ಬಿಟ್ಟು ಡಬ್ಬಿಯ ಮುಂಭಾಗ ನೋಡಿ. ಸುರುಳಿಯ ಬುಡದಲ್ಲಿ, ಹಾಗೆಯೇ ಹಿಂದೆ ಬೇರಿಂಗ್ ಸುತ್ತ, ಧೂಳು ಎಲ್ಲ ಕಡೆಯಂತೆ ಒಣಗಿರಬೇಕು. ಒದ್ದೆಯಾಗಿ ಕಪ್ಪಗೆ ಅಂಟಿಕೊಂಡು, ನಡುವಿನಿಂದ ಹೊರಕ್ಕೆ ಗೀರು ಗೀರಾಗಿ ಚಿಮ್ಮಿದ್ದರೆ ಎಣ್ಣೆ ಸೋರಿದೆ. ಬೆರಳಲ್ಲಿ ಒರೆಸಿದರೆ ಇಂಜಿನ್ ಆಯಿಲ್‌ಗಿಂತ ಬೇರೆಯೇ ಜಾರು, ಬೇಗ ಬಿಡುವುದೂ ಇಲ್ಲ.

ಕೊನೆಯದು ಬಿಸಿ ಪರೀಕ್ಷೆ. ರೇಡಿಯೇಟರ್ ಮುಂದೆ ಒಂದು ರಟ್ಟು ಅಡ್ಡ ಇಟ್ಟು, ಬಾನೆಟ್ ಮುಚ್ಚಿ, ಇಂಜಿನ್ ಬಿಸಿಯಾಗಲು ಬಿಡಿ. ಒಬ್ಬರು ಸೀಟಿನಲ್ಲಿ ಕೂತು ಮುಳ್ಳಿನ ಮೇಲಿಂದ ಕಣ್ಣು ತೆಗೆಯಬಾರದು. ಮುಳ್ಳು ಮಧ್ಯ ದಾಟುತ್ತಿದ್ದಂತೆ ಫ್ಯಾನ್ ಸದ್ದು ಬದಲಾಗಿ ಭರ್ರೆನ್ನಬೇಕು. ಸದ್ದೇ ಬಾರದೆ ಮುಳ್ಳು ಏರುತ್ತಲೇ ಹೋದರೆ ತಕ್ಷಣ ರಟ್ಟು ತೆಗೆಯಿರಿ, ಕೆಂಪು ಮುಟ್ಟುವವರೆಗೆ ಕಾಯಬೇಡಿ. ಅದೇ ಬಿಸಿಯಲ್ಲಿ ಬಾನೆಟ್ ಎತ್ತಿ, ಸೀಟಿನಲ್ಲಿರುವವರಿಗೆ ಕೀ ಆಫ್ ಮಾಡಲು ಹೇಳಿ ದೂರದಿಂದ ನೋಡಿ. ಒಳ್ಳೆ ಕ್ಲಚ್ ಇದ್ದರೆ ಇಂಜಿನ್ ಜೊತೆಯಲ್ಲೇ ಫ್ಯಾನೂ ನಿಲ್ಲುತ್ತದೆ. ತಿರುಗುತ್ತಿರುವ ಫ್ಯಾನ್‌ಗೆ ಸುತ್ತಿದ ಪೇಪರ್ ಒಡ್ಡಿ ನೋಡುವವರಿದ್ದಾರೆ. ಆ ಆಟ ಬೇಡ. ಬಿಸಿ ರೇಡಿಯೇಟರ್ ಮುಚ್ಚಳಕ್ಕೂ ಕೈ ಹಾಕಬೇಡಿ.

ಒಂದು ಮಾತು: ಹೊಸ ಪಿಕಪ್‌ಗಳಲ್ಲಿ ಕೆಲವಕ್ಕೆ ಕ್ಲಚ್‌ಗೆ ವೈರ್ ಬಂದಿರುತ್ತದೆ, ಕಂಪ್ಯೂಟರ್ ಹೇಳಿದಂತೆ ಹಿಡಿಯುತ್ತದೆ. ಅದಕ್ಕೆ ಸ್ಕ್ಯಾನರ್ ಬೇಕು. ನಿಮ್ಮದರಲ್ಲಿ ವೈರ್ ಇಲ್ಲದಿದ್ದರೆ ಮೇಲಿನದೆಲ್ಲ ಅನ್ವಯಿಸುತ್ತದೆ.

ಬದಲಾಯಿಸುವುದು ಅರ್ಧ ದಿನದ ಕೆಲಸ, ಮೊದಲ ಸಲವಾದರೆ. ಇಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. ರೇಡಿಯೇಟರ್ ಹಿಂಬದಿಗೆ ಅದರ ಅಳತೆಯ ರಟ್ಟು ಇಳಿಬಿಡಿ, ಇದನ್ನು ಮರೆಯಬೇಡಿ. ಸ್ಪ್ಯಾನರ್ ಒಂದು ಸಲ ಜಾರಿದರೆ ಸಾಕು, ರೇಡಿಯೇಟರ್ ತೂತು. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ, ಅದನ್ನು ಶ್ರೌಡ್ ಎನ್ನುತ್ತಾರೆ, ಬಿಚ್ಚಿ ಸಡಿಲ ಬಿಡಿ. ಕೆಲವು ಗಾಡಿಗಳಲ್ಲಿ ಶ್ರೌಡ್ ಮತ್ತು ಫ್ಯಾನ್ ಒಟ್ಟಿಗೇ ಮೇಲೆ ಬರಬೇಕು.

ಕ್ಲಚ್ ಪಂಪ್‌ಗೆ ಕೂರುವುದು ಎರಡು ಬಗೆ. ನಾಲ್ಕು ಸಣ್ಣ ನಟ್ ಇದ್ದರೆ ನಿಮ್ಮ ಅದೃಷ್ಟ. ಬೆಲ್ಟ್ ಬಿಗಿಯಾಗಿರುವಾಗಲೇ ನಾಲ್ಕನ್ನೂ ಸಡಿಲಿಸಿ, ಪುಲ್ಲಿ ತಿರುಗದಂತೆ ಬೆಲ್ಟೇ ಹಿಡಿದಿರುತ್ತದೆ. ಬೆಲ್ಟ್ ತೆಗೆದಮೇಲೆ ಸಡಿಲಿಸಲು ಹೊರಟರೆ ಪುಲ್ಲಿಯೂ ಜೊತೆಗೇ ಸುತ್ತುತ್ತದೆ. ಎರಡನೆಯ ಬಗೆಯಲ್ಲಿ ನಡುವೆ ಒಂದೇ ದೊಡ್ಡ ನಟ್, ಹಲವು ಗಾಡಿಗಳಲ್ಲಿ 32 ಅಥವಾ 36 ಮಿಲಿಮೀಟರ್. ಅದಕ್ಕೆ ತೆಳ್ಳನೆಯ ದೊಡ್ಡ ಸ್ಪ್ಯಾನರ್, ಪುಲ್ಲಿ ಹಿಡಿಯುವ ಪಟ್ಟಿ ಎರಡೂ ಬೇಕು. ಈ ನಟ್ ಕೆಲವದರಲ್ಲಿ ಉಲ್ಟಾ ಥ್ರೆಡ್ಡು. ನಿಮ್ಮ ಮಾಡೆಲ್ ಯಾವುದೆಂದು ಮ್ಯಾನುಯಲ್ ನೋಡಿಯೇ ಬಲ ಹಾಕಿ. ಮೊದಲು ಬಿಗಿ ಮಾಡಿ ಆಮೇಲೆ ಬೈದುಕೊಂಡವರಲ್ಲಿ ನಾನೂ ಒಬ್ಬ. ಎಳೆದು ಬಿಡಿಸುವುದಕ್ಕಿಂತ ಸ್ಪ್ಯಾನರ್ ಹಿಡಿಗೆ ಸುತ್ತಿಗೆಯಿಂದ ಚುರುಕಾಗಿ ಎರಡೇಟು ಕೊಟ್ಟರೆ ಬೇಗ ಬಿಡುತ್ತದೆ.

ಹೊರಗೆ ಬಂದಮೇಲೆ ಹಳೆಯ ಕ್ಲಚ್, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಎತ್ತರ, ಬೋಲ್ಟ್ ತೂತು, ಥ್ರೆಡ್ ಹೋಲಿಸಿ. ಹೊಸದನ್ನು ಗಾಡಿಯಲ್ಲಿ ಕೂರುವ ಹಾಗೆಯೇ ನಿಲ್ಲಿಸಿಡಿ, ಮಕಾಡೆ ಮಲಗಿಸಬೇಡಿ; ಎಣ್ಣೆ ಸೀಲಿಗೆ ಬಂದು ಸೋರುತ್ತದೆ. ಫ್ಯಾನನ್ನು ಹೊಸ ಕ್ಲಚ್‌ಗೆ ಹಾಕುವ ಮುಂಚೆ ಪ್ರತಿ ಬ್ಲೇಡಿನ ಬುಡ ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಫ್ಯಾನ್ ಬದಲಿಸಿ. ಮುಂದು ಹಿಂದು ಅದಲು ಬದಲಾದರೆ ಗಾಳಿ ಕಡಿಮೆಯಾಗುತ್ತದೆ, ಆದ್ದರಿಂದ ಬಿಚ್ಚುವಾಗಲೇ ಚಾಕ್‌ನಲ್ಲಿ ಗುರುತು ಹಾಕಿ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಕೈಹಾಕಿದ್ದೀರಿ, ವಾಟರ್ ಪಂಪ್ ಆಟ ಕೊಡುತ್ತಿದ್ದರೆ ಅದನ್ನೂ ಈಗಲೇ ಹಾಕಿಬಿಡಿ. ಸೋತ ಪಂಪ್ ಬೇರಿಂಗ್ ಫ್ಯಾನನ್ನು ಅಲುಗಿಸಿ ಹೊಸ ಕ್ಲಚ್‌ನ್ನೂ ಹಾಳುಮಾಡುತ್ತದೆ. ಬೆಲ್ಟ್ ಹಾಕಿದ ಮೇಲೆ ಫ್ಯಾನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಶ್ರೌಡ್‌ಗೆ ಎಲ್ಲೂ ತಾಗಬಾರದು.

ಪ್ರಶ್ನೆ: ಹೊಸ ಫ್ಯಾನ್ ಕ್ಲಚ್ ಹಾಕಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ವಿಮಾನದ ಹಾಗೆ ಸದ್ದು. ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ. ಮೋಸ ಹೋದೆನೇ?

ಉತ್ತರ: ಇಲ್ಲ. ರಾತ್ರಿಯಿಡೀ ನಿಂತಾಗ ಎಣ್ಣೆ ಕೆಳಕ್ಕೆ ಇಳಿದು ತೋಡುಗಳ ಸಂದಿಯಲ್ಲಿ ಕೂತಿರುತ್ತದೆ. ಸ್ಟಾರ್ಟ್ ಆದಮೇಲೆ ಅದು ವಾಪಸ್ ಹೋಗಲು ಸ್ವಲ್ಪ ಹೊತ್ತು ಬೇಕು. ಚೆನ್ನಾಗಿರುವ ಕ್ಲಚ್‌ಗಳೂ ಹೀಗೆ ಮಾಡುತ್ತವೆ. ಸದ್ದು ದಿನವಿಡೀ, ಎಲ್ಲ ವೇಗದಲ್ಲೂ ಇದ್ದರೆ ಮಾತ್ರ ಕ್ಲಚ್ ಹಿಡಿದುಕೊಂಡಿದೆ ಎಂದರ್ಥ. ಆಗ ಇಂಜಿನ್ ಬಿಸಿಯಾಗುವುದಿಲ್ಲ, ಬದಲಿಗೆ ಪಿಕಪ್ ಮಂಕಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಪ್ರಶ್ನೆ: ಸೋರಿದ ಕ್ಲಚ್‌ಗೆ ಬೋಲ್ಟ್ ಹಾಕಿ ಅಥವಾ ವೆಲ್ಡ್ ಮಾಡಿ ಲಾಕ್ ಮಾಡಿದರೆ ಸಾಕಂತೆ, ಹೌದಾ?

ಉತ್ತರ: ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ನಿಧಾನವಾಗಿ ಗ್ಯಾರೇಜ್ ಸೇರಲು ಬೋಲ್ಟ್ ಹಾಕಿದ್ದನ್ನು ನೋಡಿದ್ದೇನೆ. ಹಾಗೇ ತಿಂಗಳುಗಟ್ಟಲೆ ಓಡಿಸಬೇಡಿ. ಇಂಜಿನ್ ಪೂರ್ತಿ ವೇಗದಲ್ಲಿರುವಾಗ ಬ್ಲೇಡೂ ಅದೇ ಜೋರಿನಲ್ಲಿ ತಿರುಗುತ್ತದೆ, ಪಂಪ್ ಬೇರಿಂಗ್ ಮೇಲೆ ಎಲ್ಲ ಭಾರ. ಬ್ಲೇಡ್ ಮುರಿದು ರೇಡಿಯೇಟರ್‌ಗೆ ಹೊಕ್ಕರೆ ಬೋಲ್ಟ್ ಹಾಕಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ. ಕೆಲವು ಕ್ಲಚ್‌ಗಳ ಡಬ್ಬಿ ಸ್ಕ್ರೂ ಬಿಚ್ಚಿ ಸಿಲಿಕೋನ್ ಎಣ್ಣೆ ತುಂಬುವಂತಿರುತ್ತದೆ. ಆದರೆ ಎಣ್ಣೆ ಹೋದದ್ದು ಎಲ್ಲಿಂದ? ಸೀಲ್ ಹಳತಾಗಿದ್ದರೆ ಹೊಸ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ.