ಸಂಪಾದಕರ ಉತ್ತರ: ತಕರಾರಿದೆಯೆಂದು ಪರಿಹಾರ ನಿಲ್ಲಿಸಬಹುದೇ?

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರೊಬ್ಬರು ಬರೆದಿದ್ದಾರೆ: 2024ರ ಫೆಬ್ರುವರಿಯಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಕಾರ್ಮಿಕರೊಬ್ಬರಿಗೆ ತೋಟದವರು ಶನಿವಾರದ ಬಟವಾಡೆಯಲ್ಲಿ ವಾರಕ್ಕೆ 1,000 ರೂಪಾಯಿ ಕೊಡುತ್ತಿದ್ದರು. ನಾಲ್ಕನೆಯ ತಿಂಗಳಲ್ಲಿ ಅವರು ಸಂತೆಯಲ್ಲಿ ಓಡಾಡುತ್ತಿದ್ದುದನ್ನು ಕಂಡ ಮಾಲೀಕರು ಹಣ ನಿಲ್ಲಿಸಿ, ಹಳೆಯ ಮುಂಗಡಕ್ಕೆ ಮುರಿದುಕೊಳ್ಳುವಂತೆ ಹೇಳಿದ್ದಾರೆ. ವ್ಯಾಜ್ಯ ಮುಗಿಯುವವರೆಗೆ ಕೊಡಬೇಕೇ ಎಂಬುದು ಅವರ ಪ್ರಶ್ನೆ.

ತಮ್ಮ ತೋಟ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿಲ್ಲವೆಂದು ಭಾವಿಸಿ ಉತ್ತರಿಸುತ್ತಿದ್ದೇವೆ. ಅಪಘಾತ 2024ರದ್ದಾದುದರಿಂದ, ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯೇ ಅನ್ವಯಿಸುತ್ತದೆ. ಅದರ 4ನೆಯ ಕಲಮಿನ ಪ್ರಕಾರ, ತಾತ್ಕಾಲಿಕ ಅಶಕ್ತತೆಗೆ ತಿಂಗಳ ಕೂಲಿಯ ಶೇ. 25ರಷ್ಟು ಹಣವನ್ನು ಹದಿನೈದು ದಿನಕ್ಕೊಮ್ಮೆ, ಅಶಕ್ತತೆ ಇರುವವರೆಗೆ ಅಥವಾ ಐದು ವರ್ಷದವರೆಗೆ, ಯಾವುದು ಕಡಿಮೆಯೋ ಅಲ್ಲಿಯವರೆಗೆ ಕೊಡಬೇಕು. ತಾವು ತಿಳಿಸಿದ 12,000 ರೂಪಾಯಿ ಕೂಲಿಗೆ ಇದು ಕಂತಿಗೆ 3,000 ರೂಪಾಯಿ, ವರ್ಷಕ್ಕೆ 72,000 ಆಗುತ್ತದೆ. ತಮ್ಮ ವಾರದ ಲೆಕ್ಕದಲ್ಲಿ 52,000 ಮಾತ್ರ. ಅಂದರೆ ನಿಲ್ಲಿಸುವುದಕ್ಕೆ ಮೊದಲೇ ಬಾಕಿ ಬೆಳೆಯುತ್ತಿತ್ತು.

ಇನ್ನು ತಕರಾರಿನ ಮಾತು. ಕೇಳಿದಷ್ಟೂ ಹೊಣೆಯನ್ನು ಮಾಲೀಕರು ಒಪ್ಪದಿದ್ದರೂ, ತಾವು ಒಪ್ಪುವಷ್ಟು ಭಾಗವನ್ನು ತಾತ್ಕಾಲಿಕವಾಗಿ ಕಾರ್ಮಿಕರಿಗೆ ಕೊಡಲೇಬೇಕು, ಇಲ್ಲವೇ ಈ ಕಾಯ್ದೆಯಡಿ ವ್ಯಾಜ್ಯ ತೀರ್ಮಾನಿಸುವ ಆಯುಕ್ತರಲ್ಲಿ ಠೇವಣಿ ಇಡಬೇಕು ಎಂದು 4ಎ ಕಲಮು ಹೇಳುತ್ತದೆ. ಹೀಗೆ ಪಡೆದುಕೊಂಡ ಮಾತ್ರಕ್ಕೆ ಹೆಚ್ಚಿನದನ್ನು ಕೇಳುವ ಕಾರ್ಮಿಕರ ಹಕ್ಕು ಹೋಗುವುದಿಲ್ಲ. ಹಣ ಸಲ್ಲಬೇಕಾದ ದಿನದಿಂದ ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ ಬೀಳುತ್ತದೆ. ವಿಳಂಬಕ್ಕೆ ಸಮರ್ಥ ಕಾರಣವಿಲ್ಲವೆಂದು ಆಯುಕ್ತರಿಗೆ ಕಂಡರೆ ಬಾಕಿಯ ಅರ್ಧದವರೆಗೆ ದಂಡವೂ ಸೇರಬಹುದು.

ಸಂತೆಯಲ್ಲಿ ನಡೆದಾಡಿದವರು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಹತ್ತಬಲ್ಲರೇ ಎಂಬುದನ್ನು ವೈದ್ಯರು ಹೇಳಬೇಕೇ ಹೊರತು ಮಾಲೀಕರ ಕಣ್ಣಲ್ಲ. ಅನುಮಾನವಿದ್ದರೆ 11ನೆಯ ಕಲಮಿನಡಿ ತಮ್ಮ ಖರ್ಚಿನಲ್ಲಿ ವೈದ್ಯಕೀಯ ಪರೀಕ್ಷೆ ಮಾಡಿಸಬಹುದು. ಕಾರ್ಮಿಕರು ಅದಕ್ಕೆ ಒಪ್ಪದಿದ್ದರೆ, ಸಕಾರಣವಿಲ್ಲದ ಪಕ್ಷದಲ್ಲಿ, ಅವರ ಹಕ್ಕು ಅಷ್ಟು ಕಾಲ ಅಮಾನತಿನಲ್ಲಿರುತ್ತದೆ. ಸ್ಥಿತಿ ಬದಲಾಗಿದೆಯೆಂದು ವೈದ್ಯರ ಪ್ರಮಾಣಪತ್ರ ಬಂದರೆ 6ನೆಯ ಕಲಮಿನಡಿ ಆಯುಕ್ತರಿಗೆ ಮರುಪರಿಶೀಲನೆಯ ಅರ್ಜಿ ಹಾಕುವ ದಾರಿಯೂ ಇದೆ. ಮಾಲೀಕರ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದಾದದ್ದು ಇನ್ನೊಂದು ಕಡೆ: ಆ ಕಾರ್ಮಿಕರು ನರ್ಸರಿಯಲ್ಲಿ ಗೊಬ್ಬರ ತುಂಬುವಂಥ ಹಗುರ ಕೆಲಸಕ್ಕೆ ಬಂದು ಕೂಲಿ ಪಡೆಯುತ್ತಿದ್ದರೆ, ಪರಿಹಾರದ ಕಂತು ಹಿಂದಿನ ಮತ್ತು ಈಗಿನ ಅರ್ಧ ತಿಂಗಳ ಕೂಲಿಗಳ ನಡುವಿನ ವ್ಯತ್ಯಾಸವನ್ನು ಮೀರುವಂತಿಲ್ಲ.

ಮುಂಗಡಕ್ಕೆ ಮುರಿದುಕೊಳ್ಳುವುದು ಸಾಧ್ಯವೇ ಇಲ್ಲ. ಪರಿಹಾರದ ಹಣವನ್ನು ಜಫ್ತಿ ಮಾಡುವಂತಿಲ್ಲ, ಬೇರೆ ಸಾಲಕ್ಕೆ ವಜಾ ಹಾಕುವಂತಿಲ್ಲ ಎಂದು 9ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಮಲೆನಾಡಿನ ತೋಟಗಳಲ್ಲಿ ಮುಂಗಡ, ಆಸ್ಪತ್ರೆಯ ಖರ್ಚು, ಪರಿಹಾರ ಮೂರನ್ನೂ ಒಂದೇ ಪುಸ್ತಕದಲ್ಲಿ ಒಂದೇ ಸಾಲಿಗೆ ಬರೆಯುವ ರೂಢಿಯೇ ಇಂತಹ ಜಗಳಗಳ ಬೇರು ಎಂಬುದು ನಮ್ಮ ಅನಿಸಿಕೆ. ಚಿಕಿತ್ಸೆಗೆ ಕೊಟ್ಟದ್ದು ಪರಿಹಾರವೆನಿಸುವುದಿಲ್ಲವಾದುದರಿಂದ, ನಾಳೆ ಆಯುಕ್ತರೆದುರು ಅದನ್ನು ಕಳೆದು ತೋರಿಸಲು ಬಾರದು. ಬೇರೆ ಪುಸ್ತಕ ತೆರೆದು, ಪ್ರತಿ ಕಂತಿಗೂ ದಿನಾಂಕ, ಯಾವ ಅವಧಿಯದ್ದು, ಒಪ್ಪಿದ ಮೊತ್ತವೆಷ್ಟು, ತಕರಾರಿನದೆಷ್ಟು ಎಂದು ಬರೆದು ಸಹಿ ಪಡೆಯಿರಿ. ತಡೆಹಿಡಿದ ಕಂತುಗಳನ್ನು ಮುಂದಿನ ಬಟವಾಡೆಯ ಒಳಗೆ ಸಲ್ಲಿಸಿ, ಆ ಪುಟದ ನಕಲೊಂದನ್ನು ಕಾರ್ಮಿಕರ ಕೈಗೂ ಕೊಡಿ.