ಇನ್ನೊಂದು ಕರಡು ತೆಗೆಯಿರಿ ಎನ್ನುವ ಮುನ್ನ

ಪತ್ರ: ಅಚ್ಚುಮನೆಯ ರಾಸಾಯನಿಕಗಳ ಬಗ್ಗೆ ಬರೆದು ನೀವು ಜನರನ್ನು ಹೆದರಿಸುತ್ತಿದ್ದೀರಿ. ಮೂವತ್ತು ವರ್ಷಗಳಿಂದ ಆಫ್‌ಸೆಟ್ ಪ್ರೆಸ್ ನಡೆಸುತ್ತಿದ್ದೇನೆ. ಶಾಯಿ ಒರೆಸಲು ಸರ್ಕಾರ ನಿಷೇಧಿಸದ ದ್ರಾವಕವನ್ನೇ ಬಳಸುತ್ತೇವೆ. ನಮಗೇನೂ ಆಗಿಲ್ಲ. ಸಣ್ಣವರ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ?
– ಓದುಗರೊಬ್ಬರು, ಗದಗ

ಉತ್ತರ: ಕಾಗದದ ಬೆಲೆ ಏರಿದೆ, ಮದುವೆಯ ಕರೆಯೋಲೆಗಳು ಮೊಬೈಲ್‌ಗೆ ಹೋಗಿವೆ. ನಿಮ್ಮ ಕಷ್ಟ ನಿಜವಾದದ್ದು, ಒಪ್ಪುತ್ತೇನೆ. ಆದರೆ ‘ನಿಷೇಧಿಸದ ದ್ರಾವಕ’ ಎಂಬ ಮಾತನ್ನು ಓದಿದಾಗ ನನಗೆ ಒಸಾಕಾ ನೆನಪಾಯಿತು.

ಜಪಾನಿನ ಆ ನಗರದ ಒಂದು ಸಂಸ್ಥೆ ಬಣ್ಣದ ಕರಡು, ಅಂದರೆ ಅಚ್ಚಿಗೆ ಮುನ್ನ ಬಣ್ಣ ನೋಡುವ ಮಾದರಿ ಹಾಳೆ, ತೆಗೆದುಕೊಡುತ್ತಿತ್ತು. ಕರಡಿನ ಕೆಲಸ ನಿಮಗೆ ಗೊತ್ತು: ನಾಲ್ಕು ಹಾಳೆ ತೆಗೆಯಬೇಕು, ಹಾಳೆಗೆ ಶಾಯಿ ದಾಟಿಸುವ ರಬ್ಬರ್ ಹೊದಿಕೆಯನ್ನು, ಅಂದರೆ ಬ್ಲಾಂಕೆಟ್ ಅನ್ನು, ಒರೆಸಬೇಕು, ಮತ್ತೊಂದು ಬಣ್ಣ ಹಚ್ಚಬೇಕು. ದ್ರಾವಕದಲ್ಲಿ ಅದ್ದಿದ ಬಟ್ಟೆ ಹಿಡಿದು ದಿನಕ್ಕೆ ನೂರಾರು ಸಲ ಒರೆಸುತ್ತಿದ್ದರು. ಕೋಣೆ ನೆಲಮಾಳಿಗೆಯಲ್ಲಿತ್ತು, ಗಾಳಿ ಸರಿಯಾಗಿ ಹೊರಹೋಗುತ್ತಿರಲಿಲ್ಲ, ಮುಖಕ್ಕೆ ಅನಿಲ ತಡೆಯುವ ಮುಸುಕೂ ಇರಲಿಲ್ಲ. ಬಳಸಿದ ಕ್ಲೋರಿನ್ ದ್ರಾವಕದ ಹೆಸರು 1,2-ಡೈಕ್ಲೋರೋಪ್ರೊಪೇನ್. ಅದರ ನೆಂಟನಾದ ಡೈಕ್ಲೋರೋಮೀಥೇನ್ ಅಲ್ಲಿನ ದ್ರಾವಕ ನಿಯಮಗಳ ಪಟ್ಟಿಯಲ್ಲಿತ್ತು, ಇದು ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು 2006ರವರೆಗೂ ಬಳಸಿದರು.

ಪಿತ್ತನಾಳದ ಕ್ಯಾನ್ಸರ್ ಸಾಮಾನ್ಯವಾಗಿ ವಯಸ್ಸಾದವರಿಗೆ ಬರುವ ಕಾಯಿಲೆ. ಅಲ್ಲಿ ಅದು ಬಂದದ್ದು 25ರಿಂದ 45ರೊಳಗಿನ ಕೆಲಸಗಾರರಿಗೆ. ಶಿಂಜಿ ಕುಮಗಾಯಿ ಎಂಬ ಸಂಶೋಧಕರು ಬೆನ್ನುಹತ್ತಿದ್ದರಿಂದ 2012ರಲ್ಲಿ ಸಂಗತಿ ಹೊರಬಂತು. ಸರ್ಕಾರ ಅದನ್ನು ಕೆಲಸದಿಂದ ಬಂದ ರೋಗವೆಂದು ಒಪ್ಪಿದ್ದೂ ದ್ರಾವಕವನ್ನು ನಿಯಮದಡಿ ತಂದದ್ದೂ 2013ರಲ್ಲಿ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ದ್ರಾವಕವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು.

‘ನಮಗೇನೂ ಆಗಿಲ್ಲ’ ಎಂದಿದ್ದೀರಿ. ಕೋಪಿಸಿಕೊಳ್ಳಬೇಡಿ, ಆ ‘ನಾವು’ ಯಾರು? ಲೆಕ್ಕದ ಮೇಜಿನ ಬಳಿ ಕೂತವರೇ, ರೋಲರ್ ತೊಳೆದವರೇ? ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಹೋದ ಹುಡುಗನನ್ನು ವಿಚಾರಿಸಿದ್ದೀರಾ?

ನಾನೂ ವಿಚಾರಿಸಲಿಲ್ಲ. ಉಪಸಂಪಾದಕನಾಗಿದ್ದಾಗ ಒಂದು ರಾತ್ರಿ ಮುಖಪುಟದ ಕೆಂಪು ಸರಿಯಿಲ್ಲವೆಂದು ಮೂರನೆಯ ಸಲ ಕರಡು ತೆಗೆಸಿದೆ. ಪ್ರತಿ ಸಲವೂ ಮೆಷಿನ್ ಮ್ಯಾನ್ ಬ್ಲಾಂಕೆಟ್ ಒರೆಸಿ, ಹೊರಗಿನ ಮೆಟ್ಟಿಲ ಮೇಲೆ ಹಣೆ ಹಿಡಿದು ಕೂರುತ್ತಿದ್ದರು. ಬೀಡಿಗೆ ಹೋದರೆಂದು ನಾನು ಸಿಡುಕಿದೆ. ಆ ಡಬ್ಬಿಯಲ್ಲಿ ಏನಿದೆ ಎಂದು ಕೇಳಲಿಲ್ಲ.

ಒಂದು ಒತ್ತಕ್ಷರ ತಪ್ಪಿದರೆ ನಮಗೆ ಹತ್ತು ಪತ್ರ ಬರುತ್ತವೆ. ಬ್ಲಾಂಕೆಟ್ ಒರೆಸಿದ ಕೈಯ ಬಗ್ಗೆ ಇದುವರೆಗೆ ಒಂದೂ ಬಂದಿಲ್ಲ. ಭೋಪಾಲದ ದುರಂತದ ನಂತರ, 1987ರಲ್ಲಿ, ಅಪಾಯದ ಮಾಹಿತಿಯನ್ನು ಕೆಲಸಗಾರರಿಗೆ ತಿಳಿಸಬೇಕೆಂದು ಕಾರ್ಖಾನೆ ಕಾಯ್ದೆಗೆ ಸೇರಿಸಿದರು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ, ವಿದ್ಯುತ್ ಬಳಸುವಲ್ಲಿ ಹತ್ತು ಜನರಿದ್ದರೆ ಮಾತ್ರ ಅದು ಕಾರ್ಖಾನೆಯಾಗಿತ್ತು. ನಾಲ್ಕು ಜನರ ಪ್ರೆಸ್‌ನ ಬಾಗಿಲಿಗೆ ಯಾರು ಬರುತ್ತಾರೆ?

ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಡ್ರಮ್ಮಿನ ಮೇಲಿನ ಚೀಟಿಯಲ್ಲಿ ಏನೇನು ಹೆಸರುಗಳಿವೆ, ಒಂದೂ ಬಿಡದೆ ಬರೆದು ಕಳುಹಿಸಿ. ಚೀಟಿಯೇ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಪ್ರಕಟಿಸುತ್ತೇನೆ.